ಮರೈನ್ ಟ್ಯಾಂಕ್ ಹೊಸಬರಿಗೆ: ಅನುಭವಸ್ಥರ ಹತ್ತಿರ ಸಲಹೆ ಕೇಳುವ ಕ್ರಮ

"ಸರ್, ಹೊಸದಾಗಿ ಮರೈನ್ ಟ್ಯಾಂಕ್ ಇಟ್ಟಿದ್ದೀನಿ. ಎರಡು ಕ್ಲೌನ್ ಮೀನು ಹೋಯ್ತು. ಮೂರನೇದು ಮೂಲೇಲಿ ಕೂತಿದೆ. ಏನ್ ಮಾಡ್ಲಿ?" ಮರೈನ್ ಟ್ಯಾಂಕ್ ಅಂದರೆ ಸಮುದ್ರದ ಮೀನು ಸಾಕುವ ಉಪ್ಪುನೀರಿನ ಗಾಜಿನ ಪೆಟ್ಟಿಗೆ. ಇದೇ ಧಾಟಿಯ ಮೆಸೇಜು ನನಗೆ ಮತ್ತೆ ಮತ್ತೆ ಬರುತ್ತದೆ. ಜೊತೆಗೆ ನೀಲಿ ಲೈಟಿನಲ್ಲಿ ತೆಗೆದ ಒಂದು ಫೋಟೊ ಇರುತ್ತದೆ. ಉತ್ತರವಾಗಿ ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ಅಷ್ಟಕ್ಕೇ ಬೇಸರಪಟ್ಟು ಸುಮ್ಮನಾಗುವವರು ಬಹಳ.

ಅವರ ಬೇಸರಕ್ಕೆ ಅರ್ಥವಿದೆ. ಹಳಬರ ಮೇಲೆ ಹೊಸಬರ ದೂರು ಮೂರು: ಕೇಳಿದ್ದಕ್ಕೆ ಉತ್ತರ ಹೇಳದೆ ತಿರುಗಿ ಪ್ರಶ್ನೆ ಹಾಕುತ್ತಾರೆ, ಯಾವುದಕ್ಕೂ "ಕಾಯಿರಿ" ಎನ್ನುತ್ತಾರೆ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಈ ಮೂರಕ್ಕೂ ಕಾರಣ ಆ ಗಾಜಿನ ಪೆಟ್ಟಿಗೆಯ ಒಳಗೇ ಇದೆ. ಅದನ್ನು ತಿಳಿದುಕೊಂಡು ಕೇಳಿದರೆ ಎರಡು ದಿನ ಎಳೆದಾಡುವ ಮಾತು ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಮೀನೂ ಉಳಿಯುತ್ತದೆ.

ಸಿಹಿನೀರಿನ ಮೀನು ಸಾಕಿ ಅಭ್ಯಾಸವಿದ್ದು ಈಗ ಉಪ್ಪುನೀರಿಗೆ ಬರುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

1. ಸಲಹೆ ಕೊಡುವವರ ಟ್ಯಾಂಕ್ ಯಾವ ಊರಿನಲ್ಲಿದೆ ಎಂದು ಮೊದಲು ಕೇಳಿ

ಹೊಸಬರು ತಪ್ಪುವುದು ಹೆಚ್ಚಾಗಿ ಇಲ್ಲೇ. ನೀವು ನೋಡಿ ಆಸೆಪಟ್ಟ ಟ್ಯಾಂಕ್ ಅಮೆರಿಕದ್ದೋ ಜರ್ಮನಿಯದ್ದೋ ಆಗಿರುತ್ತದೆ. ಅಲ್ಲಿ ಸಾಕಿ ಬೆಳೆಸಿದ ಹವಳದ ತುಂಡುಗಳು ಅಂಗಡಿಯಲ್ಲೇ ಸಿಗುತ್ತವೆ. ಇಲ್ಲಿ ಕಾನೂನೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ, ಅಂದರೆ ಹುಲಿ ಆನೆಗಳಿರುವ ಪಟ್ಟಿಗೆ, 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳನ್ನೂ ಸೇರಿಸಿದರು. ಕಪ್ಪು ಹವಳ, ಬೆಂಕಿ ಹವಳ, ಬೀಸಣಿಗೆಯಂತೆ ಹರಡುವ ಸೀ ಫ್ಯಾನ್, ಸಮುದ್ರ ಸೌತೆ, ಕಡಲ ಕುದುರೆ ಎಲ್ಲವೂ ಆ ಪಟ್ಟಿಗೆ ಬಂದವು. ಮುರ್ಡೇಶ್ವರದ ಎದುರಿನ ನೇತ್ರಾಣಿಯ ಹವಳಕ್ಕೂ, ಲಕ್ಷದ್ವೀಪದ ಹವಳಕ್ಕೂ ಇದೇ ರಕ್ಷಣೆ. ಸತ್ತು ಬಿಳುಚಿದ ಹವಳದ ಕಲ್ಲನ್ನೂ ಮನೆಗೆ ತರುವ ಹಾಗಿಲ್ಲ. ಸಿಕ್ಕಿಬಿದ್ದರೆ ದಂಡ ಕಟ್ಟಿ ಮುಗಿಸಿಕೊಳ್ಳುವ ಪ್ರಕರಣ ಇದಲ್ಲ. ಕನಿಷ್ಠ 3 ವರ್ಷ ಜೈಲು.

ಹಾಗಾಗಿ "ಲೈವ್ ರಾಕ್ ಹಾಕಿ, ವಾರದಲ್ಲಿ ಮೀನು ಬಿಡಿ" ಎಂದು ಹೊರದೇಶದವರು ಹೇಳಿದ್ದು ನಮಗೆ ಹೊಂದುವುದಿಲ್ಲ. ಲೈವ್ ರಾಕ್ ಅಂದರೆ ಸಮುದ್ರದಿಂದಲೇ ತೆಗೆದ, ಬ್ಯಾಕ್ಟೀರಿಯಾ ಮತ್ತು ಸಣ್ಣ ಜೀವಿಗಳಿಂದ ತುಂಬಿದ ಕಲ್ಲು. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್, ಇಂಥ ಕಲ್ಲು ಮತ್ತು ಗಾಳಿಗುಳ್ಳೆಗಳನ್ನು ನಂಬಿಕೊಂಡು ಮನೆಯಲ್ಲಿ ಹವಳ ಉಳಿಸಬಹುದೆಂದು ಬರೆದು ಜಗತ್ತಿಗೆ ತಿಳಿಸಿದರು. ಅವರಿಗೆ ಸಮುದ್ರ ಪಕ್ಕದಲ್ಲಿತ್ತು, ಕಲ್ಲು ಜೀವಂತವಾಗಿತ್ತು. ನಾವು ಇಡುವುದು ಕಾರ್ಖಾನೆಯಲ್ಲಿ ಮಾಡಿದ ಒಣ ಸೆರಾಮಿಕ್ ಕಲ್ಲು. ಅದಕ್ಕೆ ಜೀವ ಬರಲು ವಾರಗಳು ಬೇಕು.

ಹವೆಯೂ ಲೆಕ್ಕಕ್ಕೆ ಬರುತ್ತದೆ. ನೀರಿನ ಮೇಲೆ ಫ್ಯಾನ್ ಹಾಯಿಸಿದರೆ ಬೆಂಗಳೂರಿನ ಒಣ ಬೇಸಿಗೆಯಲ್ಲಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಅದೇ ಫ್ಯಾನ್ ಮಂಗಳೂರಿನ ಮೇ ತಿಂಗಳ ಸೆಖೆಯಲ್ಲಿ ಅಷ್ಟು ಕೆಲಸ ಮಾಡುವುದಿಲ್ಲ, ಏಕೆಂದರೆ ತೇವ ತುಂಬಿದ ಗಾಳಿಗೆ ನೀರು ಆವಿಯಾಗುವುದು ಕಡಿಮೆ. ಅಲ್ಲಿ ನೀರು ತಣ್ಣಗಾಗಿಸುವ ಯಂತ್ರ, ಚಿಲ್ಲರ್, ಬೇಕಾದೀತು. ಪಣಂಬೂರಿನವರಿಗೆ ಬೆಂಗಳೂರಿನವರು ಹೇಳಿದ ಪರಿಹಾರವೂ ತಪ್ಪಾಗಬಹುದು ಅಂದಮೇಲೆ ಹೊರದೇಶದ್ದು ಹೇಳುವುದೇ ಬೇಡ. ಟೆಕ್ಸಾಸಿನಲ್ಲೋ ಡಸೆಲ್‌ಡಾರ್ಫಿನಲ್ಲೋ ಇರುವ ಕನ್ನಡಿಗರು ಈ ಹಂತವನ್ನು ತಿರುಗಿಸಿ ಓದಿಕೊಳ್ಳಿ: ನೀವಿರುವ ದೇಶದ ಕಾನೂನು, ಅಲ್ಲಿಯ ನೀರು, ಅಲ್ಲಿಯ ಹಳಬರು.

2. ಅಳೆಯುವ ಸಾಮಾನನ್ನು ಮೀನಿಗಿಂತ ಮೊದಲು ಕೊಳ್ಳಿ

"ನೀರು ಚೆನ್ನಾಗಿದೆ" ಎಂಬ ಮಾತಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಅಮೋನಿಯಾ ತುಂಬಿದ ನೀರೂ ಕನ್ನಡಿಯಷ್ಟು ತಿಳಿಯಾಗಿಯೇ ಇರುತ್ತದೆ.

ಬೇಕಾದ್ದು ಇಷ್ಟು: ಥರ್ಮಾಮೀಟರ್, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್, ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಮತ್ತು ಪಿಎಚ್ ಟೆಸ್ಟ್ ಕಿಟ್, ನೀರಿನಲ್ಲಿ ಕರಗಿರುವ ಒಟ್ಟು ಲವಣ ತೋರಿಸುವ ಟಿಡಿಎಸ್ ಮೀಟರ್, ಒಂದು ನೋಟ್‌ಬುಕ್. ಹವಳದ ಬಗೆಯ ಜೀವಿಗಳಿಗೆ ಬೇಕಾಗುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಷಾರೀಯತೆಯ ಟೆಸ್ಟುಗಳು ಆಮೇಲೆ.

ಗುರಿ: ಉಪ್ಪಿನಂಶ ಲೀಟರಿಗೆ ಸುಮಾರು 35 ಗ್ರಾಂ, ಅಂದರೆ ರಿಫ್ರಾಕ್ಟೋಮೀಟರಿನಲ್ಲಿ 1.025ರಿಂದ 1.026, ತಾಪಮಾನ 25ರಿಂದ 27 ಡಿಗ್ರಿ, ಪಿಎಚ್ 7.8ರಿಂದ 8.4, ಅಮೋನಿಯಾ ಸೊನ್ನೆ. ರಿಫ್ರಾಕ್ಟೋಮೀಟರ್ ಸರಿಯಿದೆಯೇ ಎಂದು ನೋಡಲು ಬರೀ ನೀರು ಸಾಲದು. 35ರ ಅಳತೆಗೆಂದೇ ಮಾಡಿದ ದ್ರಾವಣದ ಒಂದು ಹನಿ ಹಾಕಿ ಸರಿಪಡಿಸಿಕೊಳ್ಳಿ.

ಟೆಸ್ಟ್ ಮಾಡುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಪ್ಪು ಅಂಕಿ ಹುಟ್ಟುವುದು ಇಲ್ಲೇ. ಗಾಜಿನ ಕೊಳವೆಯನ್ನು ಮೊದಲು ಟ್ಯಾಂಕಿನ ನೀರಿನಿಂದಲೇ ಎರಡು ಸಲ ತೊಳೆಯಿರಿ. ಗೆರೆಯವರೆಗೆ ನೀರು ತುಂಬುವಾಗ ಕಣ್ಣು ಗೆರೆಯ ಮಟ್ಟದಲ್ಲಿರಲಿ. ಹನಿ ಹಾಕುವಾಗ ಬಾಟಲಿಯನ್ನು ನೆಟ್ಟಗೆ ತಲೆಕೆಳಗಾಗಿ ಹಿಡಿಯಿರಿ. ಓರೆ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ. ನೈಟ್ರೇಟ್ ಕಿಟ್ಟಿನ ಎರಡನೇ ಬಾಟಲಿಯ ತಳದಲ್ಲಿ ಪುಡಿ ಕೂರುವುದುಂಟು. ಅದನ್ನು ಅರ್ಧ ನಿಮಿಷ ಜೋರಾಗಿ ಕುಲುಕದೆ ಹನಿ ಹಾಕಿದರೆ ನೈಟ್ರೇಟ್ ಕಡಿಮೆ ತೋರುತ್ತದೆ. "ನನ್ನ ಟ್ಯಾಂಕಲ್ಲಿ ನೈಟ್ರೇಟೇ ಇಲ್ಲ" ಎಂದು ಖುಷಿಪಡುವ ಹೊಸಬರಲ್ಲಿ ಎಷ್ಟೋ ಮಂದಿ ಬಾಟಲಿ ಕುಲುಕಿರುವುದಿಲ್ಲ. ಕಾಯಬೇಕಾದ ನಿಮಿಷ ಮುಗಿದ ಮೇಲೆ ಕೊಳವೆಯನ್ನು ಬಿಳಿ ಹಾಳೆಗೆ ತಾಗಿಸಿ, ಹಗಲು ಬೆಳಕಿನಲ್ಲಿ, ಕಿಟಕಿಯ ಹತ್ತಿರ ನೋಡಿ. ಟ್ಯಾಂಕಿನ ನೀಲಿ ಲೈಟಿನ ಕೆಳಗೆ ಹಳದಿಯೂ ಹಸಿರಾಗಿ ಕಾಣುತ್ತದೆ.

3. "ಕಾಯಿರಿ" ಎಂದರೆ ಏನನ್ನು ಕಾಯುವುದು?

ಮೀನಿನ ಉಸಿರು, ಹಿಕ್ಕೆ, ಉಳಿದ ಆಹಾರ ಎಲ್ಲದರಿಂದಲೂ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಾಗಳು ಕಲ್ಲು ಮರಳಿಗೆ ಅಂಟಿಕೊಂಡು ಸಾಕಷ್ಟು ಬೆಳೆಯುವುದಕ್ಕೆ ಸೈಕ್ಲಿಂಗ್ ಎನ್ನುತ್ತಾರೆ. ಒಣ ಕಲ್ಲಿನಿಂದ ಶುರುಮಾಡಿದರೆ ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ.

ಸಿಹಿನೀರಿನಲ್ಲಿ ಅಷ್ಟೊಂದು ಕಾಯದೆಯೂ ದಾಟಿಬಿಟ್ಟೆ ಎನ್ನುವವರು ಒಂದು ಮಾತು ಗಮನಿಸಿ. ಅಮೋನಿಯಾದ ವಿಷ ಪಿಎಚ್ ಮೇಲೆ ನಿಂತಿದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ಅದರ ವಿಷಕಾರಿ ಭಾಗ ಸುಮಾರು 10 ಪಟ್ಟಾಗುತ್ತದೆ. ನಿಮ್ಮ ಗೋಲ್ಡ್ ಫಿಶ್ ತಡೆದುಕೊಂಡ ಅಮೋನಿಯಾ ಉಪ್ಪುನೀರಿನ ಮೀನಿನ ಕಿವಿರು ಸುಡುತ್ತದೆ.

ಕ್ರಮ ಹೀಗೆ: ಆರ್‌ಒ ಮತ್ತು ಡಿಐ (ಆರ್‌ಒ ಬಿಟ್ಟ ಲವಣವನ್ನೂ ಹಿಡಿದಿಡುವ ಸೋಸುಕ) ಎರಡೂ ಹಂತದಲ್ಲಿ ಸೋಸಿದ, ಟಿಡಿಎಸ್ ಸೊನ್ನೆ ತೋರಿಸುವ ನೀರಿಗೆ ಮರೈನ್ ಉಪ್ಪು ಕರಗಿಸಿ ತುಂಬಿ. ಕುಡಿಯಲು ಇಟ್ಟಿರುವ ಆರ್‌ಒ ಸಾಲದು. ಅದರಲ್ಲಿ ರುಚಿಗೆಂದು ಸ್ವಲ್ಪ ಲವಣ ಬಿಟ್ಟಿರುತ್ತಾರೆ. ಬೋರ್‌ವೆಲ್ ನೀರಾದರೆ ಇನ್ನೂ ಕಷ್ಟ. ಅಮೋನಿಯಾ ದ್ರಾವಣವನ್ನು ಲೀಟರಿಗೆ 2 ಮಿಲಿಗ್ರಾಂ ತೋರುವಷ್ಟು ಹಾಕಿ, ಬಾಟಲಿ ಬ್ಯಾಕ್ಟೀರಿಯಾ ಸೇರಿಸಿ, ಎರಡು ದಿನಕ್ಕೊಮ್ಮೆ ಅಳೆದು ಬರೆದಿಡಿ. ಹಾಕಿದ 2 ಮಿಲಿಗ್ರಾಂ ಒಂದೇ ದಿನದಲ್ಲಿ ಸೊನ್ನೆಯಾಗಿ, ನೈಟ್ರೈಟೂ ಇಳಿದಿದ್ದರೆ ಟ್ಯಾಂಕ್ ಸಿದ್ಧ.

ಅಂಗಡಿಯವರು "ಎರಡು ಡ್ಯಾಮ್ಸೆಲ್ ಮೀನು ಬಿಡಿ, ಸೈಕಲ್ ಆಗುತ್ತೆ" ಎನ್ನಬಹುದು. ಬೇಡ. ಒಂದು ಜೀವವನ್ನು ಸುಡುವ ನೀರಿನಲ್ಲಿ ವಾರಗಟ್ಟಲೆ ಇಡುವುದು ಅನ್ಯಾಯ. ಬದುಕಿ ಉಳಿದರೂ ಆ ಜಗಳಗಂಟಿ ಡ್ಯಾಮ್ಸೆಲ್ ಮುಂದೆ ಬರುವ ಮೀನುಗಳನ್ನು ಅಟ್ಟಾಡಿಸುತ್ತದೆ.

ಸೈಕಲ್ ಮುಗಿದ ಮೇಲೆ ಕಂದು ಧೂಳಿನಂಥ ಪಾಚಿ, ಆಮೇಲೆ ಹಸಿರು ಕೂದಲಿನಂಥದ್ದು, ಕೆಲವೊಮ್ಮೆ ಕೆಂಪು ಲೋಳೆ ಬರುತ್ತದೆ. ಫೋಟೊ ಕಳಿಸಿದರೆ ಹಳಬರು "ಬಿಡಿ, ಹೋಗುತ್ತೆ" ಎನ್ನುತ್ತಾರೆ. ಅದು ಉದಾಸೀನವಲ್ಲ, ಹೊಸ ಕಲ್ಲಿನ ಎಲ್ಲರ ಟ್ಯಾಂಕೂ ಹಾದುಬಂದ ಹಂತ. ಲೈಟಿನ ಸಮಯ ಇಳಿಸಿ, ಊಟ ಮಿತಗೊಳಿಸಿ, ಕೈಯಿಂದ ತೆಗೆಯಿರಿ. ಪಾಚಿ ಕೊಲ್ಲುವ ಔಷಧಿ ಹುಯ್ಯಬೇಡಿ.

4. ಪ್ರಶ್ನೆಯನ್ನು ಹೀಗೆ ಬರೆಯಿರಿ

ಮೊದಲು ಹೇಳಿದ ಮೆಸೇಜನ್ನೇ ಹೀಗೆ ಬರೆದಿದ್ದರೆ?

"ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ನೀರು ತುಂಬಿ 19 ದಿನ. ಒಣ ಕಲ್ಲು, ಬಾಟಲಿ ಬ್ಯಾಕ್ಟೀರಿಯಾ. ಬಿಸ್ಲೇರಿ ಕ್ಯಾನ್ ನೀರು. ಉಪ್ಪು 1.025, ತಾಪಮಾನ 28, ಪಿಎಚ್ 8.1, ಅಮೋನಿಯಾ 1, ನೈಟ್ರೈಟ್ 2, ನೈಟ್ರೇಟ್ 10. ಶನಿವಾರ ಮೂರು ಕ್ಲೌನ್ ಒಟ್ಟಿಗೆ ಬಿಟ್ಟೆ. ಎರಡು ಹೋಯ್ತು. ಉಳಿದದ್ದು ಸೋಮವಾರದಿಂದ ತಿಂತಿಲ್ಲ, ಉಸಿರು ಜೋರು. ಮೈಮೇಲೆ ಚುಕ್ಕೆ ಇಲ್ಲ. ಬಿಳಿ ಲೈಟಲ್ಲಿ ತೆಗೆದ ಫೋಟೊ ಹಾಕಿದ್ದೀನಿ."

ಇದನ್ನು ಓದಿದ ಯಾರೇ ಆದರೂ ಒಂದೇ ಉಸಿರಿಗೆ ಹೇಳಬಲ್ಲರು: ಸೈಕಲ್ ಮುಗಿದಿಲ್ಲ, ಅಮೋನಿಯಾ ಮೀನನ್ನು ಸುಡುತ್ತಿದೆ. ಇನ್ನೊಂದು ಮಾತನ್ನೂ ಸೇರಿಸುತ್ತಾರೆ. ಕ್ಲೌನ್ ಮೀನುಗಳೆಲ್ಲ ಗಂಡಾಗಿಯೇ ಹುಟ್ಟುತ್ತವೆ, ಬಲವಾದದ್ದು ಹೆಣ್ಣಾಗುತ್ತದೆ, ಅದರ ಜೊತೆಗೊಂದು ಗಂಡು ನಿಲ್ಲುತ್ತದೆ. ಸಣ್ಣ ಟ್ಯಾಂಕಿನಲ್ಲಿ ಮೂರನೆಯದು ಏಟು ತಿನ್ನುತ್ತದೆ. ಹಾಗಾಗಿ ಎರಡೇ ಇಡಿ.

ಲೀಟರ್ ಲೆಕ್ಕ ಬರದಿದ್ದರೆ ಅಳತೆ ಅಡಿಯಲ್ಲಿ ಹೇಳಿದರೂ ಸಾಕು. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ. ಮೇಲಿನ ಟ್ಯಾಂಕ್ ಸುಮಾರು 190 ಲೀಟರ್, ಕಲ್ಲು ಮರಳು ಕಳೆದರೆ ಇನ್ನೂ ಕಡಿಮೆ. ಸಂಪ್ ಇದ್ದರೆ ಹೇಳಿ. ಇಲ್ಲಿ ಸಂಪ್ ಎಂದರೆ ಮನೆಯ ಮುಂದಿನ ನೆಲದ ತೊಟ್ಟಿಯಲ್ಲ, ಟ್ಯಾಂಕಿನ ಕೆಳಗಿಟ್ಟು ಸ್ಕಿಮ್ಮರ್, ಹೀಟರ್ ಇರಿಸುವ ಎರಡನೇ ಗಾಜಿನ ಪೆಟ್ಟಿಗೆ. ಸ್ಕಿಮ್ಮರ್ ಎಂದರೆ ನೀರಿನ ಕೊಳೆಯನ್ನು ನೊರೆಯಾಗಿ ಮೇಲೆತ್ತಿ ತೆಗೆಯುವ ಯಂತ್ರ.

5. ಅವರು ತಿರುಗಿ ಕೇಳುವ ಪ್ರಶ್ನೆಗಳು

"ಆವಿಯಾದ ನೀರಿಗೆ ಬದಲಾಗಿ ಏನು ಹಾಕುತ್ತೀರಿ?" ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಕಡಿಮೆಯಾದ ಮಟ್ಟಕ್ಕೆ ಉಪ್ಪುನೀರು ತುಂಬುತ್ತಾ ಹೋದರೆ ತಿಂಗಳಲ್ಲಿ ಉಪ್ಪಿನಂಶ ವಿಪರೀತ ಏರುತ್ತದೆ. ಸೋಸಿದ ಸಿಹಿನೀರೇ ಹಾಕಬೇಕು.

"ಕಡಲ ನೀರು ತಂದಿರಾ?" ಕರಾವಳಿಯವರಿಗೆ ಇದು ಸುಲಭ ಅನ್ನಿಸುತ್ತದೆ. ಆದರೆ ಬಂದರಿನ ಹತ್ತಿರದ ನೀರಿನಲ್ಲಿ ಡೀಸೆಲ್ ಇರುತ್ತದೆ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳು ಸೇರುವ ದಂಡೆಯ ನೀರಿನಲ್ಲಿ ಉಪ್ಪೇ ಕಡಿಮೆ, ಕೆಸರು ಜಾಸ್ತಿ.

"ಮನೆಯಲ್ಲಿ ಸೊಳ್ಳೆ ಸ್ಪ್ರೇ ಹೊಡೆದಿರಾ? ಪೇಂಟ್ ಮಾಡಿಸಿದಿರಾ?" ಹೊಸಬರಿಗೆ ಇದು ಸಂಬಂಧವಿಲ್ಲದ ಪ್ರಶ್ನೆ ಎನ್ನಿಸುತ್ತದೆ. ಸೊಳ್ಳೆ ಕೊಲ್ಲುವ ಪೈರೆತ್ರಾಯ್ಡ್ ರಾಸಾಯನಿಕಗಳು ಮೀನಿಗೂ ಸಿಗಡಿಗೂ ಬಲು ವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ. ಸಿಗಡಿ ಮೊದಲು ಸತ್ತು ಮೀನು ಆಮೇಲೆ ಒದ್ದಾಡಿದರೆ ಅನುಭವಸ್ಥರ ಗುಮಾನಿ ಮೊದಲು ಸ್ಪ್ರೇ ಕಡೆಗೆ, ಆಮೇಲೆ ನೀರಿಗೆ ಸೇರಿರಬಹುದಾದ ತಾಮ್ರದ ಕಡೆಗೆ ಹೋಗುತ್ತದೆ.

"ಕೊನೆಗೆ ಏನು ಸೇರಿಸಿದಿರಿ?" ನಾಚಿಕೆಪಡದೆ ನಿಜ ಹೇಳಿ. ಔಷಧಿ ಹಾಕಿದ್ದನ್ನು ಮುಚ್ಚಿಟ್ಟರೆ ಸಿಗುವ ಸಲಹೆಯೂ ತಪ್ಪಾಗುತ್ತದೆ.

6. ಐದು ಜನ ಐದು ಹೇಳಿದಾಗ

ಇಬ್ಬರು ಹೇಳಿದ್ದೂ ಅವರವರ ಟ್ಯಾಂಕಿಗೆ ನಿಜವಾಗಿರಬಹುದು. ಒಬ್ಬರು ಸ್ಕಿಮ್ಮರ್ ಇಲ್ಲದೆ ವಾರವಾರ ನೀರು ಬದಲಿಸಿ ನಡೆಸುತ್ತಾರೆ, ಇನ್ನೊಬ್ಬರು ದೊಡ್ಡ ಸ್ಕಿಮ್ಮರ್ ಇಟ್ಟು ಅಪರೂಪಕ್ಕೆ ಬದಲಿಸುತ್ತಾರೆ. ಒಬ್ಬರದ್ದರಿಂದ ಅರ್ಧ, ಇನ್ನೊಬ್ಬರದ್ದರಿಂದ ಅರ್ಧ ತೆಗೆದುಕೊಂಡರೆ ಎರಡೂ ಕೈಕೊಡುತ್ತವೆ. ಪ್ರತಿಯೊಬ್ಬರನ್ನೂ ಎರಡು ಕೇಳಿ: ನಿಮ್ಮ ಟ್ಯಾಂಕ್ ಎಷ್ಟು ವರ್ಷದ್ದು, ಇದನ್ನು ನೀವೇ ಮಾಡಿ ನೋಡಿದ್ದೀರಾ? ಆಮೇಲೆ ಒಬ್ಬರನ್ನು ಹಿಡಿದು ಅವರ ಕ್ರಮವನ್ನೇ ಪೂರ್ತಿ ಅನುಸರಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡು ವಾರ ನೋಡುವುದು, ಬರೆದಿಡುವುದು.

ಅಮೋನಿಯಾ ಏರಿದಾಗ, ಕರೆಂಟ್ ಹೋದಾಗ, ಹೀಟರ್ ಕೆಟ್ಟು ನೀರು ಕಾದಾಗ ಮಾತ್ರ ಕಾಯುವಂತಿಲ್ಲ. ಬಿಸಿಯಾದ ಉಪ್ಪುನೀರು ಆಮ್ಲಜನಕವನ್ನು ಕಡಿಮೆ ಹಿಡಿಯುತ್ತದೆ, ಮೀನು ಮೊದಲು ಸಾಯುವುದು ಉಸಿರುಗಟ್ಟಿ. ಬ್ಯಾಟರಿಯಲ್ಲಿ ನಡೆಯುವ ಏರ್ ಪಂಪ್ ಒಂದು ಮನೆಯಲ್ಲಿರಲಿ. ಇನ್ವರ್ಟರ್ ಇದ್ದರೆ ನೀರು ತಿರುಗಿಸುವ ವೇವ್‌ಮೇಕರನ್ನು ಅದಕ್ಕೆ ಕೊಡಿ, ಹೀಟರನ್ನಲ್ಲ. ಮೊದಲೇ ಕಲಸಿಟ್ಟ ಉಪ್ಪುನೀರು ಒಂದು ಡ್ರಮ್ಮಿನಲ್ಲಿ ಸದಾ ಇದ್ದರೆ ಮಧ್ಯರಾತ್ರಿಯಲ್ಲೂ ಕಾಲುಭಾಗ ನೀರು ಬದಲಿಸಬಹುದು.

7. ಯಾರೇ ಹೇಳಲಿ, ಇವನ್ನು ಮಾಡಬೇಡಿ

ಮೀನಿನ ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಕಂಡರೆ ಅದು ಮರೈನ್ ಇಕ್ ಎಂಬ ಪರಾವಲಂಬಿ ಇರಬಹುದು. ತಾಮ್ರದ ಔಷಧಿ ಅದಕ್ಕೆ ನಾಟುತ್ತದೆ. ಆದರೆ ಅದನ್ನು ಮುಖ್ಯ ಟ್ಯಾಂಕಿಗೆ ಹುಯ್ದರೆ ಸಿಗಡಿ, ಬಸವನಹುಳು, ಹವಳದ ಬಗೆಯ ಯಾವ ಜೀವವೂ ಉಳಿಯುವುದಿಲ್ಲ. ಕಲ್ಲೂ ತಾಮ್ರವನ್ನು ಹೀರಿಕೊಂಡು ಬಹಳ ಕಾಲ ನೀರಿಗೆ ಬಿಡುತ್ತಲೇ ಇರುತ್ತದೆ. ಚಿಕಿತ್ಸೆ ಬೇರೆ ಪುಟ್ಟ ಟ್ಯಾಂಕಿನಲ್ಲಿ ಮಾತ್ರ, ತಾಮ್ರದ ಟೆಸ್ಟ್ ಕಿಟ್ ಜೊತೆಗಿಟ್ಟುಕೊಂಡು.

ಕಲ್ಲು ಶುಚಿಮಾಡಲು ಕುದಿಸಬೇಡಿ, ಎಂದಿಗೂ. ಗುಂಡಿಗಳಂತೆ ಕಾಣುವ ಜೋಅಂತಿಡ್, ಪ್ಯಾಲಿತೋವಾ ಎಂಬ ಜೀವಿಗಳು ಕೆಲವು ಕಲ್ಲುಗಳ ಮೇಲಿರುತ್ತವೆ. ಅವುಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಯಂಕರ ವಿಷವಿರಬಹುದು. ಕುದಿಸಿದ ಹಬೆ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ನಡೆದಿವೆ. ಅವನ್ನು ಮುಟ್ಟುವಾಗ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಕೈಗೆ ಗಾಯವಾಗಿದ್ದರೆ ಮುಟ್ಟಲೇಬೇಡಿ.

ಸಿನಿಮಾ ನೋಡಿ ಮಕ್ಕಳು ಕೇಳುವ ನೀಲಿ ಟ್ಯಾಂಗ್ 30 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಮೂರಡಿ ಟ್ಯಾಂಕ್ ಅದಕ್ಕೆ ಸೆರೆಮನೆ. ಕ್ಲೌನ್ ಮೀನಾದರೆ ಸಾಕಣೆಯಲ್ಲಿ ಹುಟ್ಟಿದ್ದನ್ನೇ ಕೇಳಿ ಕೊಳ್ಳಿ. ಅದನ್ನು ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಪಿಸಿ ಕಲಿಸಿಕೊಟ್ಟಿದೆ. ಸಮುದ್ರದಿಂದ ಹಿಡಿದು ತಂದ ಮೀನಿಗಿಂತ ಅದು ಗಟ್ಟಿ.

ವಿದ್ಯುತ್ತಿನ ವಿಷಯ: ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಇಳಿಬಿದ್ದು ಮೇಲೆ ಹೋಗಲಿ, ಆಗ ವೈರ್ ಹಿಡಿದು ಹರಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪ್ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ಕೈ ನೀರಿಗೆ ಹಾಕುವ ಮುನ್ನ ಸ್ವಿಚ್ ಆರಿಸಿ.

8. ಆದದ್ದನ್ನು ತಿರುಗಿ ಹೇಳಿ

ಸಲಹೆ ಪಡೆದ ಬಹುಪಾಲು ಜನ ಮತ್ತೆ ಮಾತಾಡುವುದೇ ಇಲ್ಲ. ಮೀನು ಉಳಿದರೂ ಹೇಳಿ, ಸತ್ತರೂ ಹೇಳಿ. ಮೂರನೇ ದಿನದ ಅಮೋನಿಯಾ ಎಷ್ಟಿತ್ತು, ಹತ್ತನೇ ದಿನ ಎಷ್ಟಾಯಿತು ಎಂದು ಎರಡು ಸಾಲು ಬರೆಯಿರಿ. ಅದೇ ತೊಂದರೆಯವರು ಮುಂದಿನ ವಾರ ಬಂದಾಗ ಹಳಬರು ಊಹೆಯಿಂದಲ್ಲ, ನಿಮ್ಮ ಅಂಕಿಯಿಂದ ಉತ್ತರ ಕೊಡುತ್ತಾರೆ.

ಈಗ ಹಳಬರಿಗೆ

ಹತ್ತು ವರ್ಷದಿಂದ ಟ್ಯಾಂಕ್ ಇಟ್ಟವರಿಗೂ ಒಂದು ಕೋರಿಕೆ ಇದೆ. ಹೊಸಬರು ಮೀನು ಒದ್ದಾಡುವಾಗಲೇ ಕೇಳಲು ಬರುತ್ತಾರೆ, ಸೈಕ್ಲಿಂಗ್ ಪಾಠ ಆಗ ಅವರ ತಲೆಗೆ ಇಳಿಯುವುದಿಲ್ಲ. "ಇದನ್ನೆಲ್ಲ ಮೊದಲೇ ಓದಬೇಕಿತ್ತು" ಎಂಬ ಮಾತು ನಿಜವೇ ಆದರೂ ಆ ಹೊತ್ತಿಗೆ ಕೆಲಸಕ್ಕೆ ಬಾರದು. ಅದನ್ನು ಕೇಳಿಸಿಕೊಂಡವರು ನಮ್ಮನ್ನು ಬಿಟ್ಟು ಔಷಧಿ ಮಾರುವವರ ಹತ್ತಿರ ಹೋಗುತ್ತಾರೆ. ಲಕ್ಷ ರೂಪಾಯಿ ಲೈಟಿನ ಹೆಸರೂ ಆಗ ಬೇಡ. ನಿಮಗೆ ಗೊತ್ತಿಲ್ಲದ್ದಾದರೆ ಗೊತ್ತಿಲ್ಲ ಎಂದು ಹೇಳಿ, ಗೊತ್ತಿರುವವರನ್ನು ತೋರಿಸಿ. ಗಟ್ಟಿ ಹವಳ ಎಲ್ಲಿ ಸಿಗುತ್ತದೆ ಎಂದು ಕೇಳಿದವರಿಗೆ ಕಾನೂನನ್ನು ಸಮಾಧಾನದಿಂದ ತಿಳಿಸಿ. ಬಹಳಷ್ಟು ಜನಕ್ಕೆ ಅದು ಅಪರಾಧವೆಂದೇ ಗೊತ್ತಿರುವುದಿಲ್ಲ.

ಮೂರನೇ ಕ್ಲೌನ್ ಮೂಲೆಯಲ್ಲಿ ಕೂತಿದೆ ಎಂಬ ಮೆಸೇಜಿಗೆ ನಾನು ಈಗ ಮೊದಲು ಕಳಿಸುವುದು ಇಷ್ಟು: "ಏರ್ ಪಂಪ್ ಹಾಕಿ. ಊಟ ನಿಲ್ಲಿಸಿ. ಕಲಸಿದ ಉಪ್ಪುನೀರಿದ್ದರೆ ಅದೇ ತಾಪಮಾನಕ್ಕೆ ತಂದು ಕಾಲುಭಾಗ ಬದಲಿಸಿ. ಅಮೋನಿಯಾ ನೋಡಿ ಹೇಳಿ, ಇಲ್ಲೇ ಇರ್ತೀನಿ." ಟ್ಯಾಂಕ್ ಎಷ್ಟು ದಿನದ್ದು, ನೀರು ಎಲ್ಲಿಯದು ಎಂಬುದನ್ನು ಅವರು ಕೊಳವೆ ಹಿಡಿದು ಐದು ನಿಮಿಷ ಕಾಯುತ್ತಿರುವಾಗ ಕೇಳುತ್ತೇನೆ.